ಕ್ರೋಮ್‌ನಲ್ಲಿ ಸರಿ, ಐಫೋನ್‌ನಲ್ಲಿ ಅಡ್ಡಾದಿಡ್ಡಿ: ಸಿಎಸ್‌ಎಸ್ ರಿಪೇರಿಯ ನನ್ನ ಅನುಭವ

ಮೈಸೂರು, ಮಂಡ್ಯದ ಅಂಗಡಿ, ಹೋಂಸ್ಟೇ, ಕಲ್ಯಾಣ ಮಂಟಪಗಳಿಗೆ ಸೈಟು ಮಾಡಿಕೊಡುವವರಿಗೆ ಬರುವ ದೂರು ಒಂದೇ ಸಾಲಿನದು: "ನಮ್ಮ ಫೋನಲ್ಲಿ ಸರಿಯಾಗಿ ಕಾಣ್ತಿಲ್ಲ ಸಾರ್." ಇದರಿಂದ ಏನೂ ತಿಳಿಯುವುದಿಲ್ಲ. ಯಾವ ಫೋನು, ಲಿಂಕನ್ನು ಎಲ್ಲಿಂದ ತೆರೆದಿರಿ ಎಂದು ಕೇಳಿ, ಜೊತೆಗೊಂದು ಸ್ಕ್ರೀನ್‌ಶಾಟ್ ತರಿಸಿಕೊಳ್ಳುತ್ತೇನೆ. "ಐಫೋನ್‌ಗೆ ಕ್ರೋಮ್ ಹಾಕ್ಕೊಂಡ್ರೂ ಹಿಂಗೇ ಇದೆ" ಎಂದರೆ ಅದರಲ್ಲಿ ಅಚ್ಚರಿಯೇನಿಲ್ಲ. ನಮ್ಮಲ್ಲಿ ಐಫೋನಿನ ಕ್ರೋಮ್, ಫೈರ್‌ಫಾಕ್ಸ್ ಎಲ್ಲದರ ಒಳಗೂ ಓಡುವುದು ಸಫಾರಿಯದೇ ವೆಬ್‌ಕಿಟ್ ಎಂಜಿನ್, ಅಂದರೆ ಕೋಡನ್ನು ಓದಿ ಪುಟ ಬಿಡಿಸುವ ಭಾಗ.

ಕೋಡಿಗೆ ಕೈ ಹಾಕುವ ಮೊದಲು ಕಾಣುತ್ತಿರುವುದು ಹಳೆಯ ಕ್ಯಾಶ್ (ಬ್ರೌಸರ್ ಉಳಿಸಿಟ್ಟುಕೊಂಡ ಹಿಂದಿನ ಪ್ರತಿ) ಅಲ್ಲವೆಂದು ಖಾತ್ರಿ ಮಾಡಿಕೊಳ್ಳಬೇಕು. ಕಂಪ್ಯೂಟರಿನಲ್ಲಾದರೆ ಕಂಟ್ರೋಲ್, ಶಿಫ್ಟ್, ಆರ್ ಒಟ್ಟಿಗೆ ಒತ್ತಿದರಾಯಿತು. ಗ್ರಾಹಕರ ಫೋನಿನಲ್ಲಿ ಅದು ಆಗದ ಮಾತು. ಅದಕ್ಕೇ ಪುಟದ ಅಂದ, ಜೋಡಣೆಯ ನಿಯಮಗಳಿರುವ ಸಿಎಸ್‌ಎಸ್ ಫೈಲಿನ ಹೆಸರಿನ ಕೊನೆಗೆ ಪ್ರಶ್ನಾರ್ಥಕ ಚಿಹ್ನೆ ಹಾಕಿ, ಬದಲಾವಣೆ ಆದಾಗಲೆಲ್ಲ ಆವೃತ್ತಿ ಸಂಖ್ಯೆ ಏರಿಸುತ್ತೇನೆ. ಎರಡನೆಯದು ಡಾಕ್‌ಟೈಪ್, ಪುಟ ಯಾವ ಬಗೆಯದೆಂದು ಬ್ರೌಸರಿಗೆ ಹೇಳುವ ಮೊದಲ ಸಾಲು. ಕನ್ಸೋಲಿನಲ್ಲಿ ಡಾಕ್ಯುಮೆಂಟಿನ ಕಂಪ್ಯಾಟ್‌ಮೋಡ್ ಕೇಳಿದಾಗ 'ಬ್ಯಾಕ್‌ಕಂಪ್ಯಾಟ್' ಎಂದು ಬಂದರೆ ಪುಟ ಕ್ವರ್ಕ್ಸ್ ಮೋಡಿನಲ್ಲಿದೆ, ಅಂದರೆ ತೀರಾ ಹಳೆಯ ಬ್ರೌಸರುಗಳ ರೀತಿಯಲ್ಲಿ ಮೂಡುತ್ತಿದೆ ಎಂದರ್ಥ. ಡಾಕ್‌ಟೈಪ್ ಸಾಲು ಸರಿಯಾಗುವವರೆಗೆ ಬೇರೇನು ತಿದ್ದಿದರೂ ದಂಡ.

ನಂತರ ನೋಡಬೇಕಾದ್ದು ಬ್ರೌಸರ್ ಆ ನಿಯಮವನ್ನು ಒಪ್ಪಿಕೊಂಡಿದೆಯೇ, ಒಪ್ಪಿಯೂ ಬೇರೆ ಫಲ ಕೊಡುತ್ತಿದೆಯೇ ಎಂಬುದು. ಬ್ರೌಸರಿನೊಳಗೇ ಇರುವ ತಪಾಸಣಾ ಕಿಟಕಿ ಇನ್‌ಸ್ಪೆಕ್ಟರಿನಲ್ಲಿ ಸಾಲಿಗೆ ಗೀಟು ಬಿದ್ದು ಪಕ್ಕದಲ್ಲಿ ಹಳದಿ ತ್ರಿಕೋನ ಇದ್ದರೆ ಬ್ರೌಸರಿಗೆ ಅದು ಅರ್ಥವಾಗಿಲ್ಲ. ಅರ್ಥವಾಗಿಯೂ ಆ ಜಾಗದಲ್ಲಿ ಕೆಲಸಕ್ಕೆ ಬಾರದ ಸಾಲನ್ನು ಫೈರ್‌ಫಾಕ್ಸ್ ಮಸುಕಾಗಿ ತೋರಿಸಿ ಕಾರಣವನ್ನೂ ಹೇಳುತ್ತದೆ. ನನ್ನ ಅರ್ಧ ಹುಡುಕಾಟ ಅಲ್ಲೇ ಮುಗಿಯುತ್ತದೆ. ನಿಯಮ ಪುಟದ ಯಾವ ಭಾಗಕ್ಕೆ ಎಂದು ಹೇಳುವ ಸೆಲೆಕ್ಟರುಗಳ ವಿಷಯದಲ್ಲಿ ಮಾತ್ರ ಎಚ್ಚರ ಬೇಕು: ಅಲ್ಪವಿರಾಮ ಹಾಕಿ ಜೋಡಿಸಿದ ನಾಲ್ಕರಲ್ಲಿ ಒಂದು ಅರ್ಥವಾಗದಿದ್ದರೂ ನಾಲ್ಕೂ ಹೋಗುತ್ತವೆ. ಒಳಗೇನಿದೆ ಎಂದು ನೋಡಿ ಆರಿಸುವ 'ಹ್ಯಾಸ್' ಸೆಲೆಕ್ಟರ್ ಫೈರ್‌ಫಾಕ್ಸಿಗೆ ಬಂದದ್ದು 2023ರ ಡಿಸೆಂಬರಿನಲ್ಲಿ, 121ನೇ ಆವೃತ್ತಿಯಲ್ಲಿ. ಹಾಗಾಗಿ ಅದನ್ನು ಬೇರೆ ಬ್ಲಾಕಿನಲ್ಲೇ ಬರೆಯುತ್ತೇನೆ.

ಜಾಗ ಎಲ್ಲಿ ಉಕ್ಕುತ್ತಿದೆ ಎಂದು ಕಾಣದಿದ್ದರೆ ಎಲ್ಲ ಎಲಿಮೆಂಟಿಗೂ 1 ಪಿಕ್ಸೆಲ್ ಕೆಂಪು ಔಟ್‌ಲೈನ್ ಹಾಕಿ ನೋಡಿ. ಬಾರ್ಡರ್ ಹಾಕಬೇಡಿ, ಅದೇ ಜಾಗ ತಿಂದು ಲೆಕ್ಕ ತಪ್ಪಿಸುತ್ತದೆ. ವಿಂಡೋಸಿನಲ್ಲಿ ಮಾತ್ರ ಪುಟ ಅಡ್ಡಕ್ಕೆ ಸರಿಯುತ್ತಿದ್ದರೆ 100 ವಿಡಬ್ಲ್ಯು (ಪರದೆಯ ಪೂರ್ತಿ ಅಗಲ) ಎಂದು ಅಗಲ ಕೊಟ್ಟಿರುವುದೇ ಹೆಚ್ಚಾಗಿ ಕಾರಣ. ಆ ಅಳತೆಯಲ್ಲಿ ಸ್ಕ್ರೋಲ್‌ಬಾರಿನ ಜಾಗವೂ ಸೇರಿಕೊಳ್ಳುತ್ತದೆ. ಫೋನಿನಲ್ಲಿ ಸ್ಕ್ರೋಲ್‌ಬಾರ್ ಪುಟದ ಮೇಲೆ ತೇಲುವುದರಿಂದ ತಪ್ಪು ಕಾಣುವುದಿಲ್ಲ. 100 ಶೇಕಡಾ ಎಂದು ಬರೆದರೆ ಸರಿಹೋಗುತ್ತದೆ.

ಕನ್ನಡ ಪುಟಗಳಲ್ಲಿ ಬ್ರೌಸರಿನ ತಲೆಗೆ ಕಟ್ಟುವ ತಪ್ಪುಗಳಲ್ಲಿ ಬಹಳಷ್ಟು ನಿಜಕ್ಕೂ ಫಾಂಟಿನವು. ಫಾಂಟ್ ಹೆಸರಿಸದೆ ಬಿಟ್ಟರೆ ವಿಂಡೋಸ್ ನಿರ್ಮಲಾ ಯುಐ ಎತ್ತಿಕೊಳ್ಳುತ್ತದೆ, ಹಳೆಯ ವಿಂಡೋಸಾದರೆ ತುಂಗಾ. ಬಹುತೇಕ ಆಂಡ್ರಾಯ್ಡ್ ಫೋನುಗಳಲ್ಲಿ ನೋಟೋ ಸಾನ್ಸ್ ಕನ್ನಡ. ಒಂದೊಂದರಲ್ಲೂ ಅಕ್ಷರದ ಅಗಲ, ಎತ್ತರ ಬೇರೆ. ಹೋಂಸ್ಟೇ ಕಾರ್ಡಿನ ಮೇಲಿನ 'ಶ್ರೀರಂಗಪಟ್ಟಣದಲ್ಲಿರುವ' ಎಂಬ ಒಂದೇ ಪದ ಒಂದು ಕಡೆ ಹಿಡಿಸುತ್ತದೆ, ಇನ್ನೊಂದು ಕಡೆ ಇಡೀ ಸಾಲನ್ನು ಪರದೆಯಾಚೆ ತಳ್ಳುತ್ತದೆ. ಕಾರಣ, ಫ್ಲೆಕ್ಸ್ (ಸಾಲಾಗಿ ಜೋಡಿಸುವ ಪೆಟ್ಟಿಗೆ) ಒಳಗಿನ ಮಕ್ಕಳ ಮಿನ್-ವಿಡ್ತ್, ಅಂದರೆ ಕನಿಷ್ಠ ಅಗಲ, ತಾನಾಗಿ 'ಆಟೋ' ಇರುತ್ತದೆ, ಅಂದರೆ ಒಳಗಿನ ಅತಿ ಉದ್ದದ ಪದಕ್ಕಿಂತ ಕಾರ್ಡು ಕುಗ್ಗುವುದಿಲ್ಲ. ಮಿನ್-ವಿಡ್ತ್ 0 ಮಾಡಿ, ಓವರ್‌ಫ್ಲೋ-ರ‍್ಯಾಪಿಗೆ 'ಎನಿವೇರ್' ಕೊಡಿ. ಈ 'ಎನಿವೇರ್' ಸಫಾರಿ 15.4ಕ್ಕೆ ಬಂತು. ಅದಕ್ಕಿಂತ ಹಳೆಯದಕ್ಕೆ ಮೇಲಿನ ಸಾಲಿನಲ್ಲಿ 'ಬ್ರೇಕ್-ವರ್ಡ್' ಇಟ್ಟಿರಬೇಕು. ವರ್ಡ್-ಬ್ರೇಕಿನ 'ಬ್ರೇಕ್-ಆಲ್' ಮಾತ್ರ ಬೇಡ. ಪೂರ್ತಿ ಪದ ಮುಂದಿನ ಸಾಲಿನಲ್ಲಿ ಹಿಡಿಸುವಂತಿದ್ದರೂ ಅದು 'ಶ್ರೀರಂ' ಇಲ್ಲಿ, 'ಗಪಟ್ಟಣ' ಅಲ್ಲಿ ಮಾಡಿಬಿಡುತ್ತದೆ.

ಒತ್ತಕ್ಷರ ಕತ್ತರಿಸಿ ಹೋಗುವುದಕ್ಕೂ ಮೂಲ ಇದೇ. ಇಂಗ್ಲಿಷಿಗೆ ಹೊಂದುವ 1.2ರ ಲೈನ್-ಹೈಟ್ ಇಟ್ಟು, ಬಟನಿಗೆ ಎತ್ತರ ನಿಗದಿ ಮಾಡಿ, ಓವರ್‌ಫ್ಲೋ 'ಹಿಡನ್' (ಉಕ್ಕಿದ್ದನ್ನು ಮರೆಮಾಡು) ಮಾಡಿದರೆ 'ಒಂಟಿಕೊಪ್ಪಲ್'ನ ಪಕಾರದ ಒತ್ತು ಕೆಳಗೆ ಅರ್ಧ ಮಾಯ. ಕನ್ನಡಕ್ಕೆ ನಾನು 1.6ಕ್ಕಿಂತ ಕಡಿಮೆ ಇಡುವುದಿಲ್ಲ, ಬಟನಿಗೆ ಎತ್ತರದ ಬದಲು ಪ್ಯಾಡಿಂಗ್ ಕೊಡುತ್ತೇನೆ. ವೆಬ್‌ಫಾಂಟನ್ನೇ ಹಾಕುವುದಾದರೆ 400, 700 ಎರಡೂ ತೂಕ ಕೊಡಿ. ಇಲ್ಲದಿದ್ದರೆ ಬ್ರೌಸರ್ ತಾನೇ ದಪ್ಪ ಮಾಡಿ ಅಕ್ಷರದ ಒಳಗಿನ ಸಂದುಗಳನ್ನು ಮುಚ್ಚಿಹಾಕುತ್ತದೆ. ಫೈಲು ಚಿಕ್ಕದು ಮಾಡಲು ಫಾಂಟಿನ ಸಬ್‌ಸೆಟ್ (ಬೇಕಾದ ಅಕ್ಷರಗಳನ್ನಷ್ಟೇ) ತೆಗೆಯುವಾಗ ಒತ್ತು ಜೋಡಿಸುವ ಜಿಸಬ್ ಕೋಷ್ಟಕ ಉಳಿದಿದೆಯೇ, ರೂಪಾಯಿ ಚಿಹ್ನೆ ಇದೆಯೇ ನೋಡಿಕೊಳ್ಳಿ. ಕೋಷ್ಟಕ ಹೋದರೆ 'ಅಕ್ಕಿ' ಒಡೆದು ಕಾಣುತ್ತದೆ.

ಹಳೆಯ ಐಫೋನಿನಲ್ಲಿ ಕಾರ್ಡುಗಳೆಲ್ಲ ಅಂಟಿಕೊಂಡಿದ್ದರೆ ಫ್ಲೆಕ್ಸಿನ ಗ್ಯಾಪ್ (ಕಾರ್ಡುಗಳ ನಡುವಿನ ಅಂತರ) ನೋಡಿ. ಅದು ಸಫಾರಿಗೆ ಬಂದದ್ದು 2021ರಲ್ಲಿ, 14.1ರಲ್ಲಿ. ಐಫೋನ್ 6 ಐಓಎಸ್ 12ಕ್ಕೇ ನಿಂತಿದೆ, ಅದಕ್ಕೆ ಈ ಗ್ಯಾಪ್ ಸಿಗುವುದೇ ಇಲ್ಲ. 'ಸಪೋರ್ಟ್ಸ್' ನಿಯಮದಿಂದ ಪರೀಕ್ಷಿಸೋಣ ಎಂದು ಹೊರಟರೆ ಮೋಸ ಹೋಗುತ್ತೀರಿ. ಗ್ರಿಡ್ಡಿನಲ್ಲಿ (ಚೌಕುಳಿಯಂತೆ ಜೋಡಿಸುವ ಬಗೆ) ಗ್ಯಾಪ್ ಗೊತ್ತಿರುವ ಬ್ರೌಸರ್, ಫ್ಲೆಕ್ಸಿನಲ್ಲಿ ಗೊತ್ತಿಲ್ಲದಿದ್ದರೂ 'ಗೊತ್ತು' ಎಂದೇ ಉತ್ತರಿಸುತ್ತದೆ. ಹಾಗಾಗಿ ಅಂಥ ಗ್ರಾಹಕರಿರುವ ಸೈಟಿನಲ್ಲಿ ಕಾರ್ಡುಗಳ ಸಾಲನ್ನು ಗ್ರಿಡ್ಡಿನಲ್ಲೇ ಕಟ್ಟುತ್ತೇನೆ, ಇಲ್ಲವೇ ಮಾರ್ಜಿನ್ ಕೊಡುತ್ತೇನೆ. ಹಳೇ ಪದ್ಧತಿಯಾದರೂ ಎಲ್ಲೂ ಕೈಕೊಡುವುದಿಲ್ಲ.

ಮೊದಲ ಪರದೆಯ 'ಬುಕ್ ಮಾಡಿ' ಬಟನ್ ಐಫೋನಿನಲ್ಲಿ ತಳಕ್ಕೆ ಮುಳುಗುವುದು 100 ವಿಎಚ್, ಅಂದರೆ ಪರದೆಯ ಪೂರ್ತಿ ಎತ್ತರ, ಎಂಬ ಅಳತೆಯಿಂದ. ವಿಳಾಸಪಟ್ಟಿ (ಅಡ್ರೆಸ್ ಬಾರ್) ಕುಗ್ಗಿದಾಗಿನ ದೊಡ್ಡ ಎತ್ತರವನ್ನೇ ಅದು ಲೆಕ್ಕಕ್ಕೆ ಹಿಡಿಯುತ್ತದೆ. 100 ವಿಎಚ್ ಸಾಲಿನ ಕೆಳಗೆ 100 ಎಸ್‌ವಿಎಚ್ (ವಿಳಾಸಪಟ್ಟಿ ಪೂರ್ತಿ ಕಾಣುವಾಗಿನ ಚಿಕ್ಕ ಎತ್ತರ) ಎಂದು ಇನ್ನೊಂದು ಸಾಲು ಬರೆಯಿರಿ. ಅರ್ಥವಾಗುವ ಬ್ರೌಸರ್ ಎರಡನೆಯದನ್ನು ಹಿಡಿಯುತ್ತದೆ, ಉಳಿದವು ಮೊದಲನೆಯದರಲ್ಲೇ ಇರುತ್ತವೆ. ವಿಳಾಸಪಟ್ಟಿಯೊಡನೆ ಬದಲಾಗುವ ಡಿವಿಎಚ್ ಕೂಡ ಇದೆ, ಆದರೆ ಸ್ಕ್ರೋಲ್ ಮಾಡುವಾಗ ಪುಟ ಜಿಗಿಯುತ್ತದೆ, ನನಗೆ ಹಿಡಿಸಿಲ್ಲ. ಫಾರಂ ಮುಟ್ಟಿದೊಡನೆ ಪುಟ ಝೂಮ್ ಆದರೆ ಇನ್‌ಪುಟ್ಟಿನ ಅಕ್ಷರ 16 ಪಿಕ್ಸೆಲಿಗಿಂತ ಚಿಕ್ಕದಿದೆ. 16 ಮಾಡಿದರೆ ಮುಗಿಯಿತು.

ಸ್ಕ್ರೋಲ್ ಮಾಡಿದರೂ ಮೇಲೇ ನಿಲ್ಲಬೇಕಾದ ಸ್ಟಿಕಿ ಹೆಡರ್ ಅಂಟದಿದ್ದರೆ ಮೇಲಿನ ಯಾವುದೋ ತಾಯಿ ಡಿವ್‌ಗೆ ಓವರ್‌ಫ್ಲೋ 'ಹಿಡನ್' ಇರುತ್ತದೆ. 'ಕ್ಲಿಪ್' ಮಾಡಿದರೆ ಅಂಟುತ್ತದೆ, ಸಫಾರಿ 16ರಿಂದ ಈಚೆಗೆ.

ಮ್ಯಾಕ್ ಇಲ್ಲದವರು ವೆಬ್‌ಕಿಟ್ ಪರೀಕ್ಷೆಗೆ ಲಿನಕ್ಸಿನಲ್ಲಿ ಗ್ನೋಮ್ ವೆಬ್ ಬ್ರೌಸರ್, ವಿಂಡೋಸಿನಲ್ಲಿ ಪ್ಲೇರೈಟ್ ಎಂಬ ಪರೀಕ್ಷಾ ಸಾಧನದ ಜೊತೆ ಬರುವ ವೆಬ್‌ಕಿಟ್ ಬಳಸಬಹುದು. ಗ್ಯಾಪ್, ಸ್ಟಿಕಿಯಂಥ ಲೇಔಟ್ ತಪ್ಪುಗಳು ಇಲ್ಲೂ ಸಿಗುತ್ತವೆ, ಆದರೆ ಇವು ಹೊಸ ಎಂಜಿನ್ನುಗಳಾದ್ದರಿಂದ ಹಳೆಯ ಐಫೋನಿನ ಕೊರತೆ ಕಾಣುವುದಿಲ್ಲ. ಆಂಡ್ರಾಯ್ಡಿಗೆ ಯುಎಸ್‌ಬಿ ಡಿಬಗ್ಗಿಂಗ್ ಆನ್ ಮಾಡಿ ಕೇಬಲ್ ಚುಚ್ಚಿದರೆ ಕ್ರೋಮಿನ ಇನ್‌ಸ್ಪೆಕ್ಟ್ ಪುಟದಲ್ಲಿ ಫೋನಿನ ಟ್ಯಾಬೇ ತೆರೆದುಕೊಳ್ಳುತ್ತದೆ. ವಿಳಾಸಪಟ್ಟಿ ಕುಗ್ಗುವುದು, ಇನ್‌ಪುಟ್ ಝೂಮ್ ಆಗುವುದು, ಇವೆರಡಕ್ಕೆ ಮಾತ್ರ ನಿಜವಾದ ಐಫೋನೇ ಬೇಕು. ಸೈಟು ಒಪ್ಪಿಸುವ ದಿನ ಅಂಗಡಿಯವರದ್ದನ್ನೇ ಹತ್ತು ನಿಮಿಷ ಇಸ್ಕೊಳ್ಳುತ್ತೇನೆ.