ಎಸ್‌ಡಿಎ ಯಾರು, ಎಸ್‌ಡಿಬಿ ಯಾರು?

ಹಳೆಯ ಡಿಸ್ಕ್‌ಗಳನ್ನು ಪೂರ್ತಿ ಅಳಿಸಿ ಬೇರೆಯವರಿಗೆ ಕೊಡುವುದು, ಕೆಟ್ಟದ್ದನ್ನು ಬಿಚ್ಚಿ ಹೊಸದು ಹಾಕುವುದು, ಪೆನ್ ಡ್ರೈವ್‌ಗೆ ಇನ್‌ಸ್ಟಾಲರ್ ಬರೆಯುವುದು ನನ್ನ ಕೆಲಸದ ದೊಡ್ಡ ಪಾಲು. ಇದೆಲ್ಲಕ್ಕೂ ಮೊದಲು ಎರಡು ವಿಷಯ ಗೊತ್ತಾಗಬೇಕು. ಈ ಯಂತ್ರಕ್ಕೆ ಈಗ ಯಾವ್ಯಾವ ಡಿಸ್ಕ್ ಸೇರಿಕೊಂಡಿವೆ? ಅವುಗಳಲ್ಲಿ ನಾನು ಮುಟ್ಟಬೇಕಾದ್ದು ಯಾವುದು? ಮೊದಲನೆಯದಕ್ಕೆ ಒಂದು ಸಾಲಿನ ಆಜ್ಞೆ ಸಾಕು. ಎರಡನೆಯದಕ್ಕೇ ಸಮಯ ಹಿಡಿಯುವುದು. ಡಿಸ್ಕಿನ ಮೇಲೆ ನೇರವಾಗಿ ಬರೆಯುವ ಡಿಡಿ ಆಜ್ಞೆಗೆ ತಪ್ಪು ಡಿಸ್ಕಿನ ಹೆಸರು ಕೊಟ್ಟರೆ ಅದು "ಖಂಡಿತವಾಗಿಯೂ?" ಎಂದು ಕೇಳುವುದಿಲ್ಲ, ಬರೆಯುತ್ತಾ ಹೋಗುತ್ತದೆ.

(ಆಜ್ಞೆಗಳನ್ನು ಇಲ್ಲಿ ಬಾಯಲ್ಲಿ ಹೇಳುವ ಹಾಗೆ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಎಂದಿನಂತೆ ಇಂಗ್ಲಿಷ್ ಅಕ್ಷರಗಳಲ್ಲೇ ಹೊಡೆಯಬೇಕು.)

ಲಿನಕ್ಸ್‌ನಲ್ಲಿ ನಾನು ಮೊದಲು ಹೊಡೆಯುವುದು ಎಲ್‌ಎಸ್‌ಬಿಎಲ್‌ಕೆ. ಏನೂ ಸೇರಿಸದಿದ್ದರೂ ಡಿಸ್ಕ್‌ಗಳು, ಅವುಗಳ ಕೆಳಗೆ ಕವಲೊಡೆದ ಪಾರ್ಟಿಷನ್‌ಗಳು (ಡಿಸ್ಕಿನ ಪಾಲುಗಳು), ಯಾವುದು ಎಲ್ಲಿ ಮೌಂಟ್ ಆಗಿದೆ (ಬಳಕೆಗೆಂದು ಯಾವ ಡೈರೆಕ್ಟರಿಗೆ ಜೋಡಿಸಿದೆ) ಎಂಬುದು ಕಾಣುತ್ತದೆ. ರೂಟ್ (ನಿರ್ವಾಹಕ) ಅಧಿಕಾರ ಬೇಡ. ಲಿನಕ್ಸ್‌ನ ತಿರುಳಾದ ಕರ್ನಲ್ /ಸಿಸ್ ಅಡಿಯಲ್ಲಿ ತೆರೆದಿಟ್ಟ ಮಾಹಿತಿಯನ್ನೂ ಸಾಧನಗಳ ಲೆಕ್ಕ ಇಡುವ ಯೂಡೆವ್ ಕೂಡಿಟ್ಟದ್ದನ್ನೂ ಅದು ಓದಿ ಹೇಳುತ್ತದೆ. ಎಫ್‌ಡಿಸ್ಕ್ -ಎಲ್ ಕೂಡ ಪಟ್ಟಿ ಕೊಡುತ್ತದೆ, ಆದರೆ ಅದಕ್ಕೆ ಸುಡೋ (ರೂಟ್ ಅಧಿಕಾರ ಕೊಡುವ ಆಜ್ಞೆ) ಬೇಕು. ಡಿಸ್ಕಿನ ಹೆಸರು ಕೊಟ್ಟು -ಎಲ್ ಬಿಟ್ಟರೆ ಪಾರ್ಟಿಷನ್ ತಿದ್ದುವ ಕಡೆಗೇ ಒಯ್ಯುತ್ತದೆ. ಡಬ್ಲ್ಯೂ ಒತ್ತುವ ತನಕ ಏನನ್ನೂ ಬರೆಯುವುದಿಲ್ಲ, ನಿಜ. ಆದರೂ ಬರೀ ನೋಡಲು ಹೋದವನ ಕೈಯಲ್ಲಿ ಕತ್ತರಿ ಯಾಕೆ?

ಉಬುಂಟು ಬಳಸುವವರಿಗೆ ಈ ಪಟ್ಟಿ ಮೊದಲ ಸಲ ಗಾಬರಿ ಹುಟ್ಟಿಸಬಹುದು. ಒಂದೊಂದು ಸ್ನ್ಯಾಪ್ ಪ್ಯಾಕೇಜಿಗೂ ಒಂದೊಂದು ಲೂಪ್ ಸಾಧನ (ಡಿಸ್ಕಿನಂತೆ ಕಾಣುವ ಕಡತ) ಸಾಲಾಗಿ ನಿಂತಿರುತ್ತದೆ, ನಿಜವಾದ ಡಿಸ್ಕ್ ಎಲ್ಲೋ ಕೆಳಗೆ. ಲೂಪ್ ಸಾಧನಗಳ ಮೇಜರ್ ಸಂಖ್ಯೆ, ಅಂದರೆ ಸಾಧನದ ಬಗೆ ಹೇಳುವ ಸಂಖ್ಯೆ, 7. ಹಾಗಾಗಿ -ಇ 7 ಎಂದು ಸೇರಿಸಿದರೆ ಅವೆಲ್ಲ ಮಾಯ. ಪಾರ್ಟಿಷನ್‌ಗಳೂ ಬೇಡ, ಇಡೀ ಡಿಸ್ಕ್‌ಗಳಷ್ಟೇ ಸಾಕು ಅನ್ನಿಸಿದರೆ -ಡಿ.

ಹೆಸರುಗಳಿಗೆ ಒಂದು ಕ್ರಮವಿದೆ. ಸಾಟಾ ಮತ್ತು ಯುಎಸ್‌ಬಿ ಡಿಸ್ಕ್‌ಗಳಿಗೆ ಸಾಮಾನ್ಯವಾಗಿ ಎಸ್‌ಡಿಎ, ಎಸ್‌ಡಿಬಿ ಹೀಗೆ. 26 ಅಕ್ಷರ ಮುಗಿದ ಮೇಲೆ ಎಸ್‌ಡಿಎಎ ಬರುತ್ತದೆ. ಎನ್‌ವಿಎಂಇ ಎಂಬ ವೇಗದ ಎಸ್‌ಎಸ್‌ಡಿಗಳಲ್ಲಿ ಎನ್‌ವಿಎಂಇ0ಎನ್1ಪಿ2 ಎಂದರೆ ಕಂಟ್ರೋಲರ್ 0, ನೇಮ್‌ಸ್ಪೇಸ್ (ಆ ಕಂಟ್ರೋಲರ್ ತೋರಿಸುವ ಡಿಸ್ಕ್ ಭಾಗ) 1, ಪಾರ್ಟಿಷನ್ 2. ಕಂಟ್ರೋಲರ್ ಎಣಿಕೆ ಸೊನ್ನೆಯಿಂದ ಶುರು, ನೇಮ್‌ಸ್ಪೇಸ್ ಎಣಿಕೆ ಒಂದರಿಂದ. ನಡುವಿನ ಆ 'ಪಿ' ಏಕೆಂದರೆ, ಡಿಸ್ಕಿನ ಹೆಸರೇ ಅಂಕಿಯಿಂದ ಮುಗಿಯುವಾಗ ಪಾರ್ಟಿಷನ್ ಸಂಖ್ಯೆ ಅದಕ್ಕೆ ಅಂಟಿಕೊಳ್ಳಬಾರದಲ್ಲ. ಎಸ್‌ಡಿ ಕಾರ್ಡ್‌ನ ಎಂಎಂಸಿಬಿಎಲ್‌ಕೆ0ಪಿ1 ಕೂಡ ಹಾಗೆಯೇ. ವಿಡಿಎ ಕಂಡರೆ ನೀವಿರುವುದು ವರ್ಚುವಲ್ ಯಂತ್ರದೊಳಗೆ ಎಂದುಕೊಳ್ಳಿ.

ಆದರೆ ಈ ಹೆಸರುಗಳಿಗೆ ಡಿಸ್ಕಿನೊಂದಿಗೆ ಯಾವ ನಂಟೂ ಇಲ್ಲ. ಕರ್ನಲ್‌ಗೆ ಯಾವುದು ಮೊದಲು ಸಿಕ್ಕಿತೋ ಅದಕ್ಕೆ ಮೊದಲ ಅಕ್ಷರ, ಅಷ್ಟೇ. ಇವತ್ತು ಎಸ್‌ಡಿಬಿ ಆಗಿದ್ದದ್ದು ರೀಬೂಟ್ ಆದ ಮೇಲೆ ಎಸ್‌ಡಿಸಿ ಆಗಬಹುದು, ಪೆನ್ ಡ್ರೈವ್ ಸಿಕ್ಕಿಸಿದ್ದಾಗಲಂತೂ ಇನ್ನೂ ಹೆಚ್ಚು. ಹಾಗಾಗಿ "ಎಸ್‌ಡಿಬಿ ಅಳಿಸಿಬಿಡಿ" ಎಂದು ಯಾರಾದರೂ ಸಂದೇಶ ಕಳಿಸಿದರೆ ನಾನು ಮುಟ್ಟುವುದಿಲ್ಲ. ಸೀರಿಯಲ್ ಸಂಖ್ಯೆ ಕಳಿಸಿ ಅನ್ನುತ್ತೇನೆ.

ಆ ಸೀರಿಯಲ್ ನೋಡಲು ಎಲ್‌ಎಸ್‌ಬಿಎಲ್‌ಕೆಗೆ -ಓ ಕೊಟ್ಟು ಬೇಕಾದ ಕಾಲಂಗಳನ್ನು ಕೇಳುತ್ತೇನೆ: ನೇಮ್, ಸೈಜ್, ಮಾಡೆಲ್, ಸೀರಿಯಲ್, ಟ್ರಾನ್, ಎಫ್‌ಎಸ್‌ಟೈಪ್, ಮೌಂಟ್‌ಪಾಯಿಂಟ್. ನಡುವೆ ಅಲ್ಪವಿರಾಮ, ಜಾಗ ಬಿಡಬಾರದು. ಟ್ರಾನ್ ಎಂಬುದು ಡಿಸ್ಕ್ ಯಾವ ದಾರಿಯಲ್ಲಿ ಬಂದಿದೆ ಎಂದು ಹೇಳುತ್ತದೆ: ಸಾಟಾ, ಯುಎಸ್‌ಬಿ, ಎನ್‌ವಿಎಂಇ. ಒಂದೇ ಮಾಡೆಲ್‌ನ, ಒಂದೇ ಗಾತ್ರದ ನಾಲ್ಕು ಡಿಸ್ಕ್ ಇರುವ ಪೆಟ್ಟಿಗೆಯಲ್ಲಿ ಅವನ್ನು ಬೇರೆ ಮಾಡಿ ತೋರಿಸುವುದು ಸೀರಿಯಲ್ ಒಂದೇ. ಈ ಉದ್ದದ ಸಾಲನ್ನು ಶೆಲ್‌ನಲ್ಲಿ ಅಲಿಯಾಸ್ (ಚಿಕ್ಕ ಅಡ್ಡಹೆಸರು) ಮಾಡಿಟ್ಟಿದ್ದೇನೆ.

ಇಷ್ಟಾದರೂ ಎಲ್ಲ ಕಾಲಂಗಳನ್ನೂ ಒಂದೇ ಸಮ ನಂಬುವಂತಿಲ್ಲ. ರೋಟಾ ಕಾಲಂನಲ್ಲಿ 1 ಇದ್ದರೆ ತಿರುಗುವ ಡಿಸ್ಕ್, 0 ಇದ್ದರೆ ಎಸ್‌ಎಸ್‌ಡಿ ಎಂಬುದು ಲೆಕ್ಕ. ಅದೇ ಎಸ್‌ಎಸ್‌ಡಿಯನ್ನು ಯುಎಸ್‌ಬಿ ಡಬ್ಬಿಯೊಳಗೆ ಹಾಕಿದರೆ ಎಷ್ಟೋ ಸಲ 1 ಎಂದೇ ತೋರಿಸುತ್ತದೆ, ಏಕೆಂದರೆ ನಡುವಿನ ಚಿಪ್ ಆ ಸುದ್ದಿಯನ್ನು ದಾಟಿಸುವುದಿಲ್ಲ. ವರ್ಚುವಲ್ ಯಂತ್ರಗಳಲ್ಲೂ ಇದೇ ಕಥೆ. ಆರ್‌ಎಂ ಕಾಲಂ ಇನ್ನೊಂದು. 1 ಎಂದರೆ ತೆಗೆಯಬಹುದಾದದ್ದು ಎಂದರ್ಥ. ಪೆನ್ ಡ್ರೈವ್‌ಗೆ ಸಾಮಾನ್ಯವಾಗಿ 1 ಬರುತ್ತದೆ, ಯುಎಸ್‌ಬಿ ಹಾರ್ಡ್ ಡಿಸ್ಕ್‌ಗೆ ಬಹಳ ಸಲ 0. ಹಾಗಾಗಿ ಹೊರಗಿನ ಡಿಸ್ಕ್ ಹುಡುಕುವಾಗ ನಾನು ಆರ್‌ಎಂ ಬಿಟ್ಟು ಟ್ರಾನ್ ನೋಡುತ್ತೇನೆ.

ಸೀರಿಯಲ್ ಕೂಡ ಯುಎಸ್‌ಬಿಯಲ್ಲಿ ಕೈಕೊಡುವುದುಂಟು. ಕಾಣುವ ಸಂಖ್ಯೆ ಒಳಗಿನ ಡಿಸ್ಕಿನದ್ದಲ್ಲದೆ ಹೊರಗಿನ ಡಬ್ಬಿಯದ್ದಾಗಿರಬಹುದು. ಆಗ ಸ್ಮಾರ್ಟ್‌ಸಿಟಿಎಲ್ -ಐ ಓಡಿಸುತ್ತೇನೆ. ಅದು ನೇರ ಡಿಸ್ಕನ್ನೇ ಮಾತಾಡಿಸುತ್ತದೆ; ಒಪ್ಪದಿದ್ದರೆ -ಡಿ ಸ್ಯಾಟ್ ಸೇರಿಸಿದರೆ ಬಹಳಷ್ಟು ಡಬ್ಬಿಗಳಲ್ಲಿ ಕೆಲಸ ಆಗುತ್ತದೆ. ಡಿಸ್ಕಿನ ಮೇಲೆ ಅಂಟಿಸಿರುವ ಲೇಬಲ್‌ನ ಸಂಖ್ಯೆಗೆ ತಾಳೆಯಾಗುವುದು ಇದೇ.

ಹೊಸದಾಗಿ ಸಿಕ್ಕಿಸಿದ ಡ್ರೈವ್ ಯಾವುದೆಂದು ತಿಳಿಯಬೇಕಷ್ಟೇ ಆದರೆ ಇನ್ನೊಂದು ದಾರಿ: ಕರ್ನಲ್ ಸಂದೇಶಗಳನ್ನು ತೋರಿಸುವ ಸುಡೋ ಡಿಎಂಇಎಸ್‌ಜಿ -ಡಬ್ಲ್ಯೂ ಓಡಿಸಿಟ್ಟು, ಆಮೇಲೆ ಕೇಬಲ್ ಸಿಕ್ಕಿಸುವುದು. ಕರ್ನಲ್ ಆ ಕ್ಷಣದಲ್ಲೇ ಡ್ರೈವ್ ತಯಾರಕರ ಹೆಸರು, ಗಾತ್ರ, ಕೊಟ್ಟ ಅಕ್ಷರ ಎಲ್ಲವನ್ನೂ ಹೇಳಿಬಿಡುತ್ತದೆ. ಇಲ್ಲಿ ಏನೂ ಬರದಿದ್ದರೆ ಕೇಬಲ್ ಅಥವಾ ಪೋರ್ಟ್ ಬದಲಿಸಿ ನೋಡಬೇಕು, ಎಲ್‌ಎಸ್‌ಬಿಎಲ್‌ಕೆಯನ್ನು ಮತ್ತೆ ಮತ್ತೆ ಹೊಡೆದು ಪ್ರಯೋಜನವಿಲ್ಲ.

ಗಾತ್ರದ ಬಗ್ಗೆ ಪ್ರಶ್ನೆ ಬರುತ್ತಲೇ ಇರುತ್ತದೆ. 1 ಟಿಬಿ ಎಂದು ಬರೆದ ಡಿಸ್ಕ್ ಪಟ್ಟಿಯಲ್ಲಿ 931.5ಜಿ ಎಂದು ಕಾಣುವುದು ಮೋಸವಲ್ಲ. ತಯಾರಕರು 1000ದ ಲೆಕ್ಕ ಹಿಡಿಯುತ್ತಾರೆ, ಆಜ್ಞೆ 1024ರ ಲೆಕ್ಕ ಹಿಡಿಯುತ್ತದೆ. ಖಚಿತ ಬೈಟ್ ಬೇಕಾದರೆ -ಬಿ ಇದೆ. ಡಿಎಫ್ -ಎಚ್ ತೋರಿಸುವ ಸಂಖ್ಯೆ ಇನ್ನೂ ಕಡಿಮೆ ಇರುತ್ತದೆ, ಏಕೆಂದರೆ ಅದು ಡಿಸ್ಕ್ ಬಗ್ಗೆ ಹೇಳುವುದೇ ಇಲ್ಲ, ಮೌಂಟ್ ಆದ ಫೈಲ್‌ಸಿಸ್ಟಮ್ (ಕಡತಗಳನ್ನು ಜೋಡಿಸಿಡುವ ವ್ಯವಸ್ಥೆ) ಬಗ್ಗೆ ಹೇಳುತ್ತದೆ. ಇಎಕ್ಸ್‌ಟಿ4 ಎಂಬ ಫೈಲ್‌ಸಿಸ್ಟಮ್ ಮಾಡುವಾಗ ಏನೂ ಹೇಳದಿದ್ದರೆ 5% ಜಾಗ ರೂಟ್‌ಗೆಂದು ಮೀಸಲಾಗುತ್ತದೆ. "ಡಿಎಫ್‌ನಲ್ಲಿ ಡಿಸ್ಕ್ ಕಾಣ್ತಿಲ್ಲ, ಸತ್ತುಹೋಗಿದೆ" ಎಂದು ಹೇಳಿಕೊಂಡು ಬರುವವರಿಗೆ ಮೊದಲು ಎಲ್‌ಎಸ್‌ಬಿಎಲ್‌ಕೆ ಹೊಡೆಸುತ್ತೇನೆ. ಬಹುಪಾಲು ಅದು ಮೌಂಟ್ ಆಗಿರುವುದಿಲ್ಲ ಅಷ್ಟೇ.

ಕೆಟ್ಟ ಯಂತ್ರ ಸರಿಪಡಿಸಲು ಬೂಟ್ ಮಾಡುವ ರೆಸ್ಕ್ಯೂ ಸಿಸ್ಟಮ್ ತೀರಾ ಚಿಕ್ಕದಾಗಿದ್ದು ಎಲ್‌ಎಸ್‌ಬಿಎಲ್‌ಕೆಯೇ ಇಲ್ಲದಿದ್ದರೆ /ಪ್ರೊಕ್/ಪಾರ್ಟಿಷನ್ಸ್ ಕಡತವನ್ನು ಕ್ಯಾಟ್ ಆಜ್ಞೆಯಿಂದ ಓದಿದರಾಯಿತು. ಅಲ್ಲಿನ ಗಾತ್ರ 1024 ಬೈಟ್‌ಗಳ ಬ್ಲಾಕ್‌ಗಳಲ್ಲಿರುತ್ತದೆ.

ಮ್ಯಾಕ್‌ನಲ್ಲಿ ಡಿಸ್ಕ್‌ಯುಟಿಲ್ ಲಿಸ್ಟ್. ಅಲ್ಲಿ ಮೊದಲು ನೋಡಬೇಕಾದ್ದು ಆವರಣದೊಳಗಿನ ಪದಗಳನ್ನು: ಫಿಸಿಕಲ್ ಎಂದಿದ್ದರೆ ಕೈಗೆ ಸಿಗುವ ಡಿಸ್ಕ್, ಸಿಂಥಸೈಜ್ಡ್ ಎಂದಿದ್ದರೆ ಎಪಿಎಫ್‌ಎಸ್ (ಮ್ಯಾಕ್‌ನ ಫೈಲ್‌ಸಿಸ್ಟಮ್) ಕಂಟೇನರ್‌ನಿಂದ ಹುಟ್ಟಿದ್ದು, ಪ್ರತ್ಯೇಕ ಡಿಸ್ಕ್ ಅಲ್ಲ. ವಿಂಡೋಸ್‌ನಲ್ಲಿ ಡಿಸ್ಕ್‌ಪಾರ್ಟ್ ಒಳಗೆ ಲಿಸ್ಟ್ ಡಿಸ್ಕ್ ಹೊಡೆಯುವ ರೂಢಿ ಬಹಳ ಜನಕ್ಕಿದೆ. ನನಗೆ ಅದು ಇಷ್ಟವಿಲ್ಲ. ಸಂಖ್ಯೆ, ಗಾತ್ರ ಬಿಟ್ಟರೆ ಗುರುತು ಹಿಡಿಯಲು ಅದರಲ್ಲಿ ಹೆಚ್ಚೇನೂ ಇಲ್ಲ, ಅದೇ ಪರದೆಯಲ್ಲಿ ಕ್ಲೀನ್ ಎಂಬ ಪದ ಹೊಡೆದರೆ ಆಯ್ದ ಡಿಸ್ಕಿನ ಪಾರ್ಟಿಷನ್ ಮಾಹಿತಿ ಒಂದೂ ಪ್ರಶ್ನೆಯಿಲ್ಲದೆ ಹೋಗುತ್ತದೆ. ಪವರ್‌ಶೆಲ್‌ನ ಗೆಟ್-ಡಿಸ್ಕ್ ಸೀರಿಯಲ್ ಸಂಖ್ಯೆಯನ್ನೂ ಕೊಡುತ್ತದೆ, ನೋಡುವುದನ್ನು ಬಿಟ್ಟು ಬೇರೇನೂ ಮಾಡುವುದಿಲ್ಲ.

ಹಲವು ಡಿಸ್ಕ್‌ಗಳನ್ನು ಒಂದಾಗಿ ಕೂಡಿಸುವ ರೇಡ್ ಕಂಟ್ರೋಲರ್ ಇರುವ ಸರ್ವರ್‌ಗಳಲ್ಲಿ ಈ ಯಾವ ಆಜ್ಞೆಯೂ ಪೂರ್ತಿ ಚಿತ್ರ ಕೊಡುವುದಿಲ್ಲ. ಹಿಂದೆ ಎಂಟು ಡಿಸ್ಕ್ ಇದ್ದರೂ ಆಪರೇಟಿಂಗ್ ಸಿಸ್ಟಮ್‌ಗೆ ಕಂಟ್ರೋಲರ್ ಕಟ್ಟಿಕೊಟ್ಟ ಒಂದೇ ದೊಡ್ಡ ಡಿಸ್ಕ್ ಕಾಣಬಹುದು. ಆಗ ಆ ಕಂಟ್ರೋಲರ್‌ನ ಸ್ವಂತ ಸಾಧನವೇ ಬೇಕು.

ಅಳಿಸುವ ಕೆಲಸಕ್ಕೆ ಕೈ ಹಾಕುವಾಗ ನಾನು ಎಸ್‌ಡಿಬಿ ಎಂದು ಬರೆಯುವುದೇ ಇಲ್ಲ. /ಡೆವ್/ಡಿಸ್ಕ್/ಬೈ-ಐಡಿ ಡೈರೆಕ್ಟರಿಯಲ್ಲಿ ಪ್ರತಿ ಡಿಸ್ಕಿಗೂ ಮಾಡೆಲ್ ಮತ್ತು ಸೀರಿಯಲ್ ಸೇರಿಸಿದ ಉದ್ದದ ಹೆಸರು ಕೊಂಡಿಯಾಗಿ ಇರುತ್ತದೆ. ಆ ಉದ್ದ ಹೆಸರನ್ನೇ ಆಜ್ಞೆಗೆ ಕೊಡುತ್ತೇನೆ. ಅಕ್ಷರ ಬದಲಾದರೂ ಇದು ಬದಲಾಗುವುದಿಲ್ಲ, ಆ ಡಿಸ್ಕ್ ಕಳಚಿಹೋಗಿದ್ದರೆ ಬೇರೊಂದರ ಮೇಲೆ ಬೀಳುವ ಬದಲು ಆಜ್ಞೆಯೇ ಸೋಲುತ್ತದೆ. ಡಿಡಿಯಲ್ಲಿ ಮಾತ್ರ ಒಂದು ಸೂಕ್ಷ್ಮ: ಹೆಸರು ತಪ್ಪಾಗಿದ್ದರೆ /ಡೆವ್ ಒಳಗೆ ಆ ಹೆಸರಿನ ಸಾಮಾನ್ಯ ಕಡತವನ್ನೇ ಸೃಷ್ಟಿಸಿ ಮೆಮೊರಿ ತುಂಬಿಸುತ್ತದೆ. ಕಾನ್ವ್=ನೋಕ್ರಿಯಟ್ (ಇಂಗ್ಲಿಷ್‌ನಲ್ಲಿ ಕೊನೆಯ 'ಇ' ಇಲ್ಲದೆ) ಸೇರಿಸಿದರೆ ಅದೂ ತಪ್ಪುತ್ತದೆ. ನಾಲ್ಕು ಡಿಸ್ಕಿನ ಪೆಟ್ಟಿಗೆಗಳಿಗೆ ಇನ್ನೊಂದು ಕೆಲಸವನ್ನು ಮೊದಲ ದಿನವೇ ಮಾಡಿಬಿಡುತ್ತೇನೆ: ಪ್ರತಿ ಟ್ರೇ ಮೇಲೆ ಸೀರಿಯಲ್‌ನ ಕೊನೆಯ ನಾಲ್ಕು ಅಕ್ಷರ ಬರೆದ ಚೀಟಿ ಅಂಟಿಸುವುದು. ಕೆಟ್ಟ ಡಿಸ್ಕನ್ನು ಹೊರಗೆಳೆಯುವ ಹೊತ್ತಿಗೆ ಪರದೆಯ ಪಟ್ಟಿಯನ್ನು ಆ ಚೀಟಿಯ ಜೊತೆ ತಾಳೆ ನೋಡಬಹುದು.