ಸಾಂಕ್ರಾಮಿಕದ ಹೊಡೆತದಲ್ಲಿ ಸಮುದಾಯ ಭವನದ ಹಣಕಾಸು ನಡೆಸುವುದು ಹೇಗೆ

ವಿಜಯಪುರದಲ್ಲಿ ಸಾರ್ವಜನಿಕರ ದೇಣಿಗೆಯಿಂದ ಕಟ್ಟಿದ ಸಮುದಾಯ ಭವನವೊಂದರ ಖಜಾಂಚಿಯಾಗಿ ನಾನು ಎರಡು ಲಾಕ್‌ಡೌನ್‌ಗಳನ್ನು ಕಂಡಿದ್ದೇನೆ. 2020ರಲ್ಲಿ ಬಸವ ಜಯಂತಿ ಮತ್ತು ಅಕ್ಷಯ ತೃತೀಯ ಏಪ್ರಿಲ್ 26ಕ್ಕೆ ಬಂದವು, ದೇಶ ಮಾರ್ಚ್ 25ರಿಂದಲೇ ಮುಚ್ಚಿತ್ತು. ಮರುವರ್ಷ ಮೇ 14ಕ್ಕೆ ಬಂದವು, ರಾಜ್ಯದಲ್ಲಿ ಮೇ 10ರಿಂದ ಮತ್ತೆ ಲಾಕ್‌ಡೌನ್ ಇತ್ತು. ಯುಗಾದಿಯಿಂದ ಮಳೆಗಾಲದವರೆಗಿನ ಲಗ್ನಗಳನ್ನೇ ನೆಚ್ಚಿಕೊಂಡ ಭವನಕ್ಕೆ ಇದು ಎರಡು ಸುಗ್ಗಿ ಸಾಲಾಗಿ ಕೈತಪ್ಪಿದಂತೆ. ಅಂಥ ಕಾಲಕ್ಕೆ ಆಡಳಿತ ಮಂಡಳಿ ಸಿದ್ಧವಾಗುವ ಬಗೆಯನ್ನು ಇಲ್ಲಿ ಬರೆದಿದ್ದೇನೆ.

ಎಲ್ಲಕ್ಕಿಂತ ಮೊದಲು ಮುಂಗಡದ ಹಣವನ್ನು ಬೇರೆ ಖಾತೆಯಲ್ಲಿ ಇಡಬೇಕು. ಕಾರ್ಯ ಮುಗಿದ ಮರುದಿನವಷ್ಟೇ ಅದನ್ನು ಆದಾಯವೆಂದು ಬರೆದುಕೊಳ್ಳಬೇಕು. ಮುಂಗಡಕ್ಕೆ ಸಂಚಕಾರ ಎಂಬ ಮಾತಿದೆ. ಅಪಾಯಕ್ಕೂ ಅದೇ ಪದವಿರುವುದೇಕೆಂದು ನನಗೆ ತಿಳಿದದ್ದು ಆ ಬೇಸಿಗೆಯಲ್ಲಿ. ಬರಲಿರುವ ಮದುವೆಗಳ ಮುಂಗಡದಿಂದ ನಾವು ಊಟದ ಮನೆಗೆ ಹೊಸ ಫರ್ಸಿ ಹಾಕಿಸಿ ಮುಗಿಸಿದ್ದೆವು. ರಸೀದಿ ಹಿಡಿದು ಬಂದ ಹಿರಿಯರೊಬ್ಬರು ಅದೇ ಫರ್ಸಿಯ ಮೇಲೆ ನಿಂತು, "ಲಗ್ನ ಮನ್ಯಾಗ ಮಾಡಿ ಮುಗಿಸೇವ್ರಿ, ನಮ್ಮ ರೊಕ್ಕ ನಮಗ ಕೊಡ್ರಿ" ಎಂದರು. ಕೊಡಲು ಖಾತೆಯಲ್ಲಿ ಹಣವಿರಲಿಲ್ಲ.

ಮುಂಗಡ ಮರಳಿಸುವುದಿಲ್ಲವೆಂದು ರಸೀದಿಯ ಅಡಿಯಲ್ಲಿ ಅಚ್ಚು ಹಾಕಿಸಿದ ಸಾಲನ್ನು ನೆಚ್ಚಿಕೊಳ್ಳಬಾರದು. 1872ರ ಭಾರತೀಯ ಕರಾರು ಕಾಯ್ದೆಯ 56ನೇ ಕಲಮಿನಂತೆ, ನೆರವೇರಿಸುವುದು ಅಸಾಧ್ಯವಾದ ಕರಾರು ಅನೂರ್ಜಿತವಾಗುತ್ತದೆ. ಹಾಗಾದಾಗ ಪಡೆದ ಲಾಭವನ್ನು ಹಿಂದಿರುಗಿಸಬೇಕೆಂದು 65ನೇ ಕಲಮು ಹೇಳುತ್ತದೆ. ಆದ್ದರಿಂದ ಸರ್ಕಾರದ ಆದೇಶದಿಂದ ಭವನ ಮುಚ್ಚಿದರೆ ಅದೇ ಬಾಡಿಗೆಗೆ ಬೇರೆ ದಿನಾಂಕ ಕೊಡುವುದೋ, ಹಣ ಮರಳಿಸುವುದೋ, ಮರಳಿಸುವುದಾದರೆ ಎಷ್ಟು ದಿನದೊಳಗೆ ಎಂಬುದನ್ನು ರಸೀದಿಯಲ್ಲೇ ಸ್ಪಷ್ಟವಾಗಿ ಬರೆಸಬೇಕು. ಬೇರೆ ದಿನಾಂಕವನ್ನು ಒಪ್ಪುವವರೇ ಹೆಚ್ಚು, ಆದರೆ ಮನೆಯಲ್ಲೇ ಅಕ್ಕಿಕಾಳು ಬಿದ್ದ ಮೇಲೆ ಆ ಕುಟುಂಬಕ್ಕೆ ಭವನದಿಂದ ಆಗಬೇಕಾದದ್ದೇನೂ ಇರುವುದಿಲ್ಲ.

ಆಮೇಲೆ ಆದಾಯದ ಮೂಲಗಳನ್ನು ಪರೀಕ್ಷಿಸಬೇಕು. ಅಮೆರಿಕದ ಲಾಸ್ ವೇಗಸ್‌ನಲ್ಲಿ ಸಮಾವೇಶ ಕೇಂದ್ರ ನಡೆಸುವ ಸಾರ್ವಜನಿಕ ಪ್ರಾಧಿಕಾರಕ್ಕೆ ಕೇಂದ್ರದ ಬಾಡಿಗೆಯ ಜೊತೆಗೆ ಹೋಟೆಲ್ ಕೋಣೆಗಳ ಮೇಲಿನ ತೆರಿಗೆಯ ಪಾಲೂ ಬರುತ್ತದೆ. 2020ರ ಮಾರ್ಚ್ ಮಧ್ಯದಿಂದ ಜೂನ್ 4ರವರೆಗೆ ಅಲ್ಲಿನ ಕ್ಯಾಸಿನೊಗಳು ಮುಚ್ಚಿದಾಗ ಎರಡೂ ಕೂಡಿಯೇ ಬತ್ತಿದವು. ಅದೇ ವರ್ಷ ಚಳಿಗಾಲದ ಅಧಿವೇಶನ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ನಡೆಯದೆ ಬೆಂಗಳೂರಿನಲ್ಲೇ ನಡೆದಾಗ ಬೆಳಗಾವಿಯ ಲಾಡ್ಜುಗಳಿಗೂ ಖಾನಾವಳಿಗಳಿಗೂ ಆ ವ್ಯಾಪಾರ ತಪ್ಪಿತು. ಒಂದೇ ಬಾವಿಗೆ ಎರಡು ಹಗ್ಗ ಇಳಿಬಿಟ್ಟು ಎರಡು ಬಾವಿ ಎಂದು ಲೆಕ್ಕ ಹಾಕುವ ತಪ್ಪನ್ನು ನಾವೂ ಮಾಡಿದ್ದೆವು: ಭವನದ ಮುಂದಿನ ಮಳಿಗೆಗಳನ್ನು ಹೂವಿನವರಿಗೆ, ಬಳೆಯವರಿಗೆ, ಬ್ಯಾಂಡಿನವರಿಗೆ ಕೊಟ್ಟಿದ್ದರಿಂದ ಮದುವೆ ನಿಂತ ದಿನವೇ ಮಳಿಗೆಯ ಬಾಡಿಗೆಯೂ ನಿಂತಿತು. ಒಂದೆರಡು ಮಳಿಗೆಗಳನ್ನಾದರೂ ಔಷಧ ಅಂಗಡಿಗೋ, ಬೀಜ-ಗೊಬ್ಬರದ ವ್ಯಾಪಾರಿಗೋ ಕೊಟ್ಟಿರಬೇಕು. ಬಾಡಿಗೆ ತುಸು ಕಡಿಮೆ ಬಂದರೂ ಚಿಂತೆಯಿಲ್ಲ.

ಕನಿಷ್ಠ ಆರು ತಿಂಗಳ ಸಂಬಳ, ವಿಮೆ, ಸಾಲದ ಕಂತುಗಳಿಗೆ ಸಾಲುವಷ್ಟು ಮೊತ್ತವನ್ನು ಠೇವಣಿಯಲ್ಲಿ ಇಡುವುದು ಒಳ್ಳೆಯದು. ಒಂದೇ ದೊಡ್ಡ ಠೇವಣಿಯ ಬದಲು ಆರು ಚಿಕ್ಕವನ್ನು ಇಟ್ಟರೆ, ಒಂದನ್ನು ಮುರಿದಾಗ ಉಳಿದವುಗಳ ಬಡ್ಡಿಗೆ ಧಕ್ಕೆಯಾಗದು. ಮೀಟರ್ ತಿರುಗದಿದ್ದರೂ ಮಂಜೂರಾದ ಲೋಡಿಗೆ ತಕ್ಕ ನಿಗದಿತ ಶುಲ್ಕ ಬರುತ್ತಲೇ ಇರುವುದರಿಂದ, ಬೀಗ ಬಹಳ ದಿನ ಬೀಳುವಂತೆ ಕಂಡರೆ ಲೋಡ್ ಕಡಿಮೆ ಮಾಡಲು ಹೆಸ್ಕಾಂಗೆ ಅರ್ಜಿ ಕೊಡುವುದನ್ನು ಯೋಚಿಸಬೇಕು. 2020ರ ಮಾರ್ಚ್‌ನಿಂದ ಆಗಸ್ಟ್‌ವರೆಗೆ ರಿಸರ್ವ್ ಬ್ಯಾಂಕ್ ಅವಕಾಶ ಕೊಟ್ಟಾಗ ಕಂತಿಗೆ ಬಿಡುವಿತ್ತು, ಬಡ್ಡಿಗೆ ಇರಲಿಲ್ಲ. ಅಂಥ ಬಿಡುವನ್ನು ಕೈಯಲ್ಲಿ ಹಣವಿಲ್ಲದಾಗ ಮಾತ್ರ ಪಡೆಯಬೇಕು. ಕಾವಲುಗಾರನನ್ನು ಮಾತ್ರ ಯಾವ ಕಾರಣಕ್ಕೂ ಬಿಡಿಸಬಾರದು.

ಜಿಲ್ಲಾಡಳಿತವು ಭವನವನ್ನು ಆರೈಕೆ ಕೇಂದ್ರಕ್ಕಾಗಿ ಕೇಳಬಹುದು. 2005ರ ವಿಪತ್ತು ನಿರ್ವಹಣಾ ಕಾಯ್ದೆಯ 65ನೇ ಕಲಮು ಕಟ್ಟಡಗಳನ್ನು ವಶಕ್ಕೆ ಪಡೆಯುವ ಅಧಿಕಾರ ಕೊಡುತ್ತದೆ, 66ನೇ ಕಲಮು ಪರಿಹಾರದ ಬಗೆಯನ್ನು ಹೇಳುತ್ತದೆ. ನಿಗದಿಯಾದ ಮೊತ್ತ ಒಪ್ಪಿಗೆಯಾಗದಿದ್ದರೆ ಮೂವತ್ತು ದಿನಗಳೊಳಗೆ ಅರ್ಜಿ ಸಲ್ಲಿಸಬೇಕು. ಬಾಯಿಮಾತಿನ ಮೇಲೆ ಕೀಲಿಕೈ ಕೊಡದೆ ಲಿಖಿತ ಆದೇಶ ಪಡೆಯಬೇಕು. ಕೀಲಿ ಕೊಡುವ ದಿನ ಮೀಟರಿನ ಅಂಕಿ, ಜನರೇಟರ್ ಟ್ಯಾಂಕಿನಲ್ಲಿರುವ ಡೀಸೆಲ್, ಕುರ್ಚಿ, ಗಾದಿ, ಪಾತ್ರೆಗಳ ಎಣಿಕೆ, ಇಷ್ಟನ್ನೂ ಒಂದು ಹಾಳೆಯಲ್ಲಿ ಬರೆದು ಬಂದ ಅಧಿಕಾರಿಯ ಸಹಿ ಹಾಕಿಸಿಕೊಂಡು, ಅದರ ಒಂದು ಪ್ರತಿಯನ್ನು ಅವರಿಗೂ ಕೊಡಬೇಕು.