ಮಳೆಗಾಲದಲ್ಲೂ ಒಂದೆಲಗ ಹಸಿರಾಗೇ ಒಣಗತ್ತೆ, ನನ್ನ ಅನುಭವ

ಒಂದೆಲಗ ಹಸಿಯಾಗೇ ತಿನ್ಬೇಕು, ಒಣಗಿಸಿದ್ರೆ ಬರೀ ಹುಲ್ಲು ಅಂತಿದ್ರು ನಮ್ಮ ಕಡೆ. ಅದರಲ್ಲೂ ಮಲೆನಾಡಿನ ಆಷಾಢದ ಮಳೇಲಿ ಒಣಗಿಸ್ತೀನಿ ಅಂದಾಗ ಮನೆಯವರೇ ನಂಬಿರ್ಲಿಲ್ಲ. ಈಗ ಅದೇ ಪುಡೀಲಿ ವರ್ಷಪೂರ್ತಿ ತಂಬುಳಿ ಮಾಡ್ತಾರೆ.

ಬಿಸಿಲಿಗೆ ಹಾಕಿದ್ದು ಬಣ್ಣ ಬಿಟ್ಟು ಕಂದಾಯ್ತು, ಜಗಲೀಲಿ ಹರಡಿದ್ದು ಬೂಷ್ಟು ಹಿಡೀತು. ಬಚ್ಚಲೊಲೆ ಮೇಲಿನ ಅಟ್ಟದಲ್ಲಿ ಚೆನ್ನಾಗೇ ಒಣಗ್ತು ಆದ್ರೆ ಹೊಗೆ ವಾಸನೆ, ಅಡಿಕೆಗೆ ನಡೆಯತ್ತೆ, ತಂಬುಳಿಗೆ ನಡೆಯಲ್ಲ. ಆಮೇಲೆ ರೆಡಿಮೇಡ್ ಡ್ರೈಯರ್ ತಂದೆ, ಹತ್ತಿರ ಹತ್ತಿರ 9 ಸಾವಿರ ಹೋಯ್ತು, ಅದರ ಶಾಖ 60 ಡಿಗ್ರಿಗಿಂತ ಕೆಳಗೆ ಇಳಿಯೋದೇ ಇಲ್ಲ, ಎಲೆ ಗರಿಗರಿ ಆಗೋದು, ಪರಿಮಳ ಹೋಗಿರೋದು.

ಕೊನೆಗೆ ಕೈ ಹಿಡಿದದ್ದು ವಾಷಿಂಗ್ ಮೆಷಿನ್. ತೊಳೆದ ಸೊಪ್ಪನ್ನ ಹತ್ತಿಬಟ್ಟೆ ಚೀಲಕ್ಕೆ ಕಟ್ಟಿ ಸ್ಪಿನ್ನರಿಗೆ ಹಾಕಿದ್ರೆ ಎಲೆ ಮೇಲಿನ ನೀರು ಬಹುಪಾಲು ಹೋಗತ್ತೆ, ಆ ನೀರು ಉಳಿದ್ರೆ ಬೂಷ್ಟು ಬೇಗ ಹಿಡಿಯತ್ತೆ. ಆಮೇಲೆ ಪ್ಲೈವುಡ್ ಪೆಟ್ಟಿಗೆ, ನೈಲಾನ್ ಬಲೆಯ ಟ್ರೇ, ಕೆಳಗೆ ಹಳೇ 100 ವ್ಯಾಟ್ ಬಲ್ಬುಗಳು, ಮೇಲೆ ಎಕ್ಸಾಸ್ಟ್ ಫ್ಯಾನ್, 40-45 ಡಿಗ್ರಿ ದಾಟಿಸಲ್ಲ. ದಂಟು ಎಲೆಗಿಂತ ನಿಧಾನ, ಅದನ್ನ ಬೇರೆ ಮಾಡ್ಲೇಬೇಕು. ಪೂರ್ತಿ ತಣ್ಣಗಾದ್ಮೇಲೆ ಡಬ್ಬಿಗೆ ತುಂಬೋದು, ಬೆಚ್ಚಗಿದ್ದಾಗ ತುಂಬಿದ್ರೆ ಒಳಗೇ ಬೆವರತ್ತೆ. ಟ್ರೇ ಮೇಲೆ ಕೆಳಗೆ ಮಾಡೋ ಕ್ರಮ ಒಂದಿದೆ, ಅದನ್ನ ಮಾತ್ರ ಇಲ್ಲಿ ಹೇಳಲ್ಲ, ನನ್ನ ಪುಡಿ ಹಸಿರಾಗಿರೋದು ಅದರಿಂದಾನೇ.

ಅಡಿಕೆ ತೋಟದ ಕಾಲುವೇಲಿ ಬೆಳೆದದ್ದು ಬೇಡ್ವೇ ಬೇಡ. ಅಡಿಕೆ ಕೊಳೆರೋಗಕ್ಕೆ ಬೋರ್ಡೋ ಅನ್ನೋ ತಾಮ್ರದ ಔಷಧಿ ಹೊಡೀತೀವಲ್ಲ, 100 ಲೀಟರಿಗೆ ಒಂದು ಕೆಜಿ ಮೈಲುತುತ್ತ, ಆ ಹನಿ ಬೀಳೋದು ಈ ಸೊಪ್ಪಿನ ಮೇಲೇ. ನಾನು ಬಾವಿಕಟ್ಟೆ ಹತ್ರ ಬೇರೆ ಪಾತಿ ಮಾಡಿದೀನಿ.

ಒಣಗಿಸಿದ್ರೆ ಸತ್ವ ಉಳಿಯತ್ತಾ ಅಂತ ಕೇಳ್ತಾರೆ. ವಿಟಮಿನ್ ಸಿ ಬಹುಪಾಲು ಹೋಗತ್ತೆ, ಕಬ್ಬಿಣ, ಕ್ಯಾಲ್ಶಿಯಂ ಎಲ್ಲೂ ಹೋಗಲ್ಲ, ನೀರು ಹೋದ್ಮೇಲೆ ಗ್ರಾಂ ಲೆಕ್ಕಕ್ಕೆ ಜಾಸ್ತೀನೇ ಸಿಗತ್ತೆ. ಮಕ್ಕಳ ನೆನಪಿನ ಶಕ್ತಿಗೆ ಅಂತ ಅಜ್ಜಿಯಂದಿರು ಕೊಡ್ತಿದ್ರು, ನಾನು ಆ ಭರವಸೆ ಕೊಟ್ಟು ಮಾರಲ್ಲ. ಬಸುರಿಯರು, ಲಿವರ್ ತೊಂದರೆ ಇರೋರು ಡಾಕ್ಟರನ್ನ ಕೇಳಿಯೇ ತಗೊಳ್ಳಿ ಅಂತ ಚೀಟಿ ಹಾಕ್ತೀನಿ. ತಂಬುಳಿಗೆ ಒಂದು ಚಮಚ ಪುಡೀನ ತುಪ್ಪದಲ್ಲಿ ಜೀರಿಗೆ, ಕಾಳುಮೆಣಸಿನ ಜೊತೆ ಬಾಡಿಸಿ, ಕಾಯಿತುರಿ ಹಾಕಿ ರುಬ್ಬಿ, ಮಜ್ಜಿಗೆ ಬೆರೆಸಿದ್ರೆ ಆಯ್ತು.

ಹಾಗೇ ದೊಡ್ಡಪತ್ರೆನೂ ನೋಡಿದೆ, ಎಲೆ ದಪ್ಪ, ನೀರೇ ನೀರು, ಒಣಗೋ ಹೊತ್ತಿಗೆ ಘಮ ಇಲ್ಲ, ಅದನ್ನ ಹಸಿಯಾಗೇ ಬಳಸೋದು ಒಳ್ಳೇದು. ನುಗ್ಗೆಸೊಪ್ಪು ಮಾತ್ರ ಬಂಗಾರ, ರಾತ್ರಿ ಬಟ್ಟೇಲಿ ಸುತ್ತಿಟ್ರೆ ಬೆಳಿಗ್ಗೆ ಕಡ್ಡಿಯಿಂದ ಎಲೆ ತಾನೇ ಉದುರತ್ತೆ, ಬಿಡಿಸೋ ಕೂಲಿ ಉಳೀತು.

ಸುಮಾರು ಎಂಟು ಕೆಜಿ ಹಸಿ ಒಂದೆಲಗಕ್ಕೆ ಒಂದು ಕೆಜಿ ಒಣ ಸಿಗತ್ತೆ. ಕೊಯ್ದು ಹಸನು ಮಾಡೋ ಕೂಲಿನೇ 900ರ ಹತ್ರ, ಕರೆಂಟು, ಪ್ಯಾಕಿಂಗು ಸೇರಿ ಇನ್ನೊಂದು 200. ನೂರು ಗ್ರಾಂಗೆ 150 ಇಟ್ಟಿದೀನಿ, ಕೆಜಿಗೆ ನಾನೂರು ಉಳೀಬಹುದು. ಪೇಟೆ ಅಂಗಡಿಯವರೊಬ್ರು ಕೆಜಿಗೆ 900ಕ್ಕೆ ಕೊಡಿ, ಎಷ್ಟಿದ್ರೂ ತಗೊಳ್ತೀನಿ ಅಂದ್ರು. ಆ ರೇಟಿಗೆ ಕೂಲಿ ಹುಟ್ಟಿದ್ರೆ ಹೆಚ್ಚು, ಆಗಲ್ಲ ಅಂದೆ.